ರಜೆ ಮುಗಿಸಿ ಬಂದ ಹುಡುಗಿ

ಪತ್ರ: "ಹೆಣ್ಣುಮಕ್ಕಳ ಜನನಾಂಗದ ಭಾಗ ಕತ್ತರಿಸುವ ಪದ್ಧತಿ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಓದಿದೆ. ನಮ್ಮ ಕೊಡಗಿನಲ್ಲಿ ಇಂಥದ್ದು ಎಲ್ಲಿದೆ? ಇದ್ದರೂ ಮನೆಯವರ ವಿಷಯಕ್ಕೆ ಟೀಚರಾದ ನಾವು ಕೈಹಾಕಬಹುದಾ?"
– ಸೋಮವಾರಪೇಟೆ ಕಡೆಯ ಪ್ರಾಥಮಿಕ ಶಾಲೆಯ ಟೀಚರೊಬ್ಬರು

ಟೀಚರ್, ನಮಸ್ಕಾರ.

ಕೊಡಗಿನಲ್ಲಿ ಇದು ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಕ್ಲಾಸಿನ ಮಕ್ಕಳು ವರ್ಷವಿಡೀ ಕೊಡಗಿನಲ್ಲೇ ಇರುತ್ತಾರಾ? ಏಪ್ರಿಲ್ ಬಂತೆಂದರೆ ಅಜ್ಜಿ ಮನೆ, ಅತ್ತೆ ಮನೆ ಅಂತ ಎಲ್ಲೆಲ್ಲಿಗೋ ಹೊರಡುತ್ತಾರೆ. ಇದನ್ನು ಮಾಡಿಸುವವರು ಕಾಯುವುದೂ ಎಷ್ಟೋ ಸಲ ರಜೆಗೇ. ಗಾಯ ಮಾಯಲು ದಿನ ಸಿಗುತ್ತದಲ್ಲ. ಇಂಗ್ಲೆಂಡಿನ ಶಾಲೆಗಳು ಬೇಸಿಗೆ ರಜೆಗೆ ಮುಂಚೆ ಕಿವಿ ನಿಮಿರಿಸುವುದು ಇದಕ್ಕೇ. 18 ತುಂಬದ ಹುಡುಗಿಗೆ ಹೀಗಾಗಿದೆ ಎಂದು ಗೊತ್ತಾದರೆ ಟೀಚರೇ ಪೊಲೀಸರಿಗೆ ತಿಳಿಸಬೇಕೆಂಬ ನಿಯಮ ಅಲ್ಲಿ 2015ರ ಅಕ್ಟೋಬರ್‌ನಿಂದ ಇದೆ.

ನಮ್ಮ ದೇಶದಲ್ಲಿ ದಾವೂದಿ ಬೊಹ್ರಾ ಎಂಬ ಮುಸ್ಲಿಂ ಸಮುದಾಯದ ಹೆಂಗಸರೇ ಮುಂದೆ ಬಂದು, ಏಳು ವರ್ಷದ ಆಸುಪಾಸಿನಲ್ಲಿ ತಮಗಾದ 'ಖತ್ನಾ' (ಈ ಪದ್ಧತಿಗೆ ಅವರಲ್ಲಿರುವ ಹೆಸರು) ಬಗ್ಗೆ ಹೇಳಿದ್ದಾರೆ. ಏನೋ ಕೊಡಿಸುತ್ತೇವೆ, ಸುಮ್ನೆ ತಿರುಗಾಡಿ ಬರೋಣ ಅಂತ ಕರೆದುಕೊಂಡು ಹೋದದ್ದು ಹಲವರಿಗೆ ಇವತ್ತಿಗೂ ನೆನಪಿದೆ. ಹಾಗಂತ ಹಾಜರಿ ಪುಸ್ತಕದ ಹೆಸರು ನೋಡಿ ಅನುಮಾನ ಪಡಬೇಡಿ. ಆಫ್ರಿಕಾದಲ್ಲಿ ಕ್ರೈಸ್ತರಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಇದರ ಹೆಸರನ್ನೇ ಕೇಳದ ಮುಸ್ಲಿಂ ಮನೆಗಳು ಎಷ್ಟೋ.

ನೋಡಬೇಕಾದದ್ದು ಮಗುವನ್ನು. ರಜೆಗೆ ಮುಂಚೆ "ನನಗೊಬ್ಬಳಿಗೇ ಫಂಕ್ಷನ್ ಇದೆ ಮಿಸ್, ಯಾರಿಗೂ ಹೇಳಬಾರದಂತೆ" ಅನ್ನಬಹುದು. ರಜೆ ಮುಗಿಸಿ ಬಂದಾಗ, ಮೊದಲು ಕುಂಟೆಬಿಲ್ಲೆ ಆಡುತ್ತಿದ್ದವಳು ಪಿ.ಟಿ. ಪೀರಿಯಡ್‌ನಲ್ಲಿ ಗೋಡೆಗೊರಗಿ ನಿಲ್ಲುತ್ತಾಳೆ. ಬೆಂಚಿನ ತುದಿಯಲ್ಲಿ ಓರೆಯಾಗಿ ಕೂರುತ್ತಾಳೆ. ಟಾಯ್ಲೆಟ್‌ಗೆ ಹೋದವಳು ಕಾಲು ಗಂಟೆಯಾದರೂ ಬರುವುದಿಲ್ಲ. ಇದು ಹೆಡ್‌ಮಾಸ್ಟರಿಗಿಂತ ಮೊದಲು ಆಯಾ ಕಣ್ಣಿಗೆ ಬೀಳುತ್ತದೆ, ಇಲ್ಲವೇ ಬಿಸಿಯೂಟದ ಅಕ್ಕನ ಕಣ್ಣಿಗೆ. ಆದರೆ ನಮ್ಮ ಮೀಟಿಂಗುಗಳಲ್ಲಿ ಅವರು ಟೀ ಕೊಟ್ಟು ಹೊರಗೆ ಹೋಗಬೇಕು, ಅಲ್ವಾ? ಈ ವಿಷಯಕ್ಕಾದರೂ ಅವರನ್ನು ಒಳಗೆ ಕೂರಿಸಿ.

ಉರಿಮೂತ್ರವಿದ್ದರೂ ಮಗು ಹೀಗೇ ಆಡುತ್ತದೆ, ಬೇರೆ ಬಗೆಯ ದೌರ್ಜನ್ಯ ಆಗಿದ್ದರೂ ಆಡುತ್ತದೆ. ಯಾವುದೆಂದು ಪತ್ತೆ ಹಚ್ಚುವುದು ನಿಮ್ಮ ತಲೆನೋವಲ್ಲ. "ಯಾಕೆ ಸಪ್ಪಗಿದ್ದೀಯ ಪುಟ್ಟಿ?" ಎಂದು ಕೇಳಿ, ಸುಮ್ಮನಿದ್ದು ಕೇಳಿಸಿಕೊಳ್ಳಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ತಾರೀಕು ಹಾಕಿ ಬರೆದಿಡಿ. ಬಟ್ಟೆ ಸರಿಸಿ ನೋಡುವುದು ಬೇಡವೇ ಬೇಡ, ಅದು ಡಾಕ್ಟರ ಕೆಲಸ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಮನೆಗೆ ಫೋನ್ ಮಾಡಿ ವಿಚಾರಿಸಲೂಬೇಡಿ, ಮುಂದಿನ ವಾರ ಹೊರಡಬೇಕಿದ್ದವರು ನಾಳೆಯೇ ಹೊರಟುಬಿಟ್ಟಾರು.

ಕೈಹಾಕಬಹುದಾ ಎಂದಿರಿ. ನಮ್ಮಲ್ಲಿ ಇದಕ್ಕೆಂದೇ ಬೇರೆ ಕಾನೂನಿಲ್ಲ. ಇದನ್ನು ನಿಷೇಧಿಸಿ ಎಂದು 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯನ್ನು 2018ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದರು. ಆದರೆ ಇದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಈಗಾಗಲೇ ಅಪರಾಧ ಎಂದು ಅದೇ ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಹೇಳಿತ್ತು. ಆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅಪರಾಧ ಆಗಿದೆ ಎಂದು ಗೊತ್ತಾದರೂ ಸರಿ, ಆಗಬಹುದೆಂಬ ಆತಂಕವಿದ್ದರೂ ಸರಿ, ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲಾಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಆ ನಂಬರನ್ನು ಸ್ಟಾಫ್ ರೂಮಿನಲ್ಲಿ ಮಾತ್ರ ಅಂಟಿಸಬೇಡಿ. ಬಿಸಿಯೂಟದ ಅಡುಗೆಕೋಣೆಯ ಬಾಗಿಲಿಗೂ ಒಂದು ಇರಲಿ.

– ಸಂಪಾದಕ