‘ದಿನಕ್ಕೆ ಒಂದೇ ನೈಂಟಿ ಮೇಡಂ’

ಹೆಸರು, ಊರು ಎರಡೂ ಬದಲಿಸಿದ್ದೇನೆ. ಲಕ್ಷ್ಮಿ ಅಂದುಕೊಳ್ಳಿ. ವಯಸ್ಸು 26. ಮಲೆನಾಡಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ವಾಸ, ನಾಲ್ಕು ತಿಂಗಳ ಬಸುರಿ. ಆಶಾ ಕಾರ್ಯಕರ್ತೆ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ತಾಯಿ ಕಾರ್ಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ಉಗುರಿನ ಸಂದಿಯಲ್ಲಿ ತೋಟದ ಮಣ್ಣು ಹಾಗೇ ಇತ್ತು.

“ಸಂಜೆ ಒಂದೇ ನೈಂಟಿ ಮೇಡಂ. ಮಳೇಲಿ ಕೆಲಸ ಮಾಡಿ ಬಂದ್ರೆ ಮೈಕೈ ನೋವು ತಡೆಯೋಕಾಗಲ್ಲ. ಇವರು ತರ್ತಾರೆ, ಇಬ್ರೂ ಕುಡೀತೀವಿ.”

ಅತ್ತೆಯೂ ಬೇಡ ಅಂದಿರಲಿಲ್ಲವಂತೆ. ಮೈ ಬೆಚ್ಚಗಿದ್ದರೆ ಮಗುವಿಗೂ ಒಳ್ಳೇದು ಅಂತ ಅವರ ನಂಬಿಕೆ.

ನಾನು ಬೈಯಲಿಲ್ಲ. ಬೈಸಿಕೊಂಡವರು ಮುಂದಿನ ಸಲ ಸುಳ್ಳು ಹೇಳುತ್ತಾರೆ, ಇಲ್ಲವೇ ಬರೋದೇ ಇಲ್ಲ. ಲೆಕ್ಕ ಹೇಳಿದೆ. 90 ಎಂ.ಎಲ್. ವಿಸ್ಕಿ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ‘ಒಂದೇ’ ಅನ್ನುವಷ್ಟು ಸಣ್ಣದಲ್ಲ ಅದು. ಬಸುರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನೋ ಅಳತೆಯೇ ಇಲ್ಲ. ಬಿಯರ್, ವೈನ್, ಹೆಂಡ ಎಲ್ಲಕ್ಕೂ ಇದೇ ಮಾತು. ತಾಯಿಯ ರಕ್ತಕ್ಕೆ ಸೇರಿದ್ದು ಮಾಸು ದಾಟಿ ಮಗುವಿನ ರಕ್ತಕ್ಕೂ ಸೇರುತ್ತದೆ. ಮಗುವಿನ ಲಿವರ್ ಇನ್ನೂ ಬಲಿತಿರೋದಿಲ್ಲ, ಅದನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ.

ಮಗು ಹೇಗೆ ಹುಟ್ಟಬಹುದು ಅಂತ ಕೇಳಿದಳು. ಮುಚ್ಚಿಡದೆ ಹೇಳಿದೆ. ಕೆಲವು ಮಕ್ಕಳ ತೂಕ ಕಡಿಮೆ, ತಲೆ ಚಿಕ್ಕದು, ಮೇಲ್ದುಟಿ ತೆಳು, ಮೂಗಿನ ಕೆಳಗಿನ ತಗ್ಗು ಇರೋದೇ ಇಲ್ಲ. 1973ರಲ್ಲಿ ಅಮೆರಿಕದ ವೈದ್ಯರು ಇದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಆದರೆ ತೊಂದರೆಯಾದ ಮಕ್ಕಳಲ್ಲಿ ಹೆಚ್ಚಿನವರ ಮುಖದಲ್ಲಿ ಏನೂ ಕಾಣಲ್ಲ. ಸ್ಕೂಲಿಗೆ ಸೇರಿದ ಮೇಲೆ ಗೊತ್ತಾಗುತ್ತದೆ. ಹೇಳಿದ್ದು ನೆನಪಿರಲ್ಲ, ಲೆಕ್ಕ ತಲೆಗೆ ಹತ್ತಲ್ಲ, ಒಂದು ಕಡೆ ಕೂರೋಕಾಗಲ್ಲ. ಅಂಥ ಮಗುವನ್ನು ಹಠಮಾರಿ ಅಂತ ಹೊಡೆಯೋದು ಕಂಡರೆ ನನಗೆ ಸಂಕಟವಾಗುತ್ತದೆ.

“ಹಾಗಾದ್ರೆ ಎಲ್ಲಾ ಮುಗೀತಾ?” ಅಂತ ಅಳೋಕೆ ಶುರು ಮಾಡಿದಳು.

“ಇಲ್ಲಮ್ಮಾ. ಕುಡಿದ ಎಲ್ಲರ ಮಕ್ಕಳಿಗೂ ಹೀಗೇ ಆಗುತ್ತೆ ಅಂತೇನಿಲ್ಲ. ಮಿದುಳು ಹೆರಿಗೆಯವರೆಗೂ ಬೆಳೀತಾನೇ ಇರುತ್ತೆ. ಯಾವಾಗ ನಿಲ್ಲಿಸಿದರೂ ಅಲ್ಲಿಂದ ಮುಂದಿನದು ಮಗುವಿಗೆ ಲಾಭವೇ.”

ಆದರೆ ತಕ್ಷಣ ಬಿಡು ಅನ್ನಲಿಲ್ಲ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ ಅಂತ ಕೇಳಿದೆ. ಸ್ವಲ್ಪ ನಡುಗುತ್ತೆ ಅಂದಳು. ದೇಹ ಕುಡಿತಕ್ಕೆ ಒಗ್ಗಿಹೋಗಿದ್ದರೆ ಒಮ್ಮೆಲೇ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ತಾಯಿಗೂ ಅಪಾಯ, ಮಗುವಿಗೂ ಅಪಾಯ. ಹಾಗಾಗಿ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ವೈದ್ಯರು ದಾಖಲು ಮಾಡಿಕೊಂಡು ಕುಡಿತ ಬಿಡಿಸಿದರು.

ಗಂಡನನ್ನು ಬೇರೆಯಾಗಿ ಕೂರಿಸಿ ಮಾತಾಡಿದೆ. “ನೀನು ಎದುರಿಗೇ ಕೂತು ಕುಡಿದರೆ ಅವಳು ಹೇಗಪ್ಪಾ ಬಿಡ್ತಾಳೆ? ಮನೆಗೆ ತರಲೇಬೇಡ.” ತಲೆ ತಗ್ಗಿಸಿ ಕೂತಿದ್ದ. ತೋಟದ ರೈಟರ್ ಹತ್ತಿರ ಮಾತಾಡಿ ಅವಳಿಗೆ ಹಗುರ ಕೆಲಸ ಕೇಳುವ ಹೊಣೆಯನ್ನು ಅವನಿಗೇ ವಹಿಸಿದೆ. ಸಂಜೆ ಕೆಲಸ ಬಿಟ್ಟು ಬರುವ ಹೊತ್ತೇ ಕಷ್ಟದ್ದು, ಆಗ ಬಿಸಿನೀರು ಕಾಯಿಸಿಡು ಅಂದೆ. ನೋವಿಗೆ ಅಂಗಡಿ ಮಾತ್ರೆ ಬೇಡ, ವೈದ್ಯರನ್ನೇ ಕೇಳಬೇಕು. ಕುಡಿಯಬೇಕು ಅನ್ನಿಸಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಲಕ್ಷ್ಮಿಗೆ ಹೇಳಿ ನಂಬರನ್ನು ತಾಯಿ ಕಾರ್ಡಿನ ಹಿಂದೆ ಬರೆದುಕೊಟ್ಟೆ.

ಒಂದು ಸಲ ಜಾರಿದಳು. ಊರಹಬ್ಬದ ರಾತ್ರಿ. ಮರುದಿನ ತಾನೇ ಬಂದು ಹೇಳಿದಳು. ಹೇಳಿದ್ದೇ ನನಗೆ ದೊಡ್ಡದಾಗಿ ಕಂಡಿತು.

ಹೆಣ್ಣು ಮಗು, 2.6 ಕೆ.ಜಿ. ಬಾಣಂತಿಗೆ ಬ್ರಾಂದಿ ಕೊಡಬೇಕು ಅಂತ ಅತ್ತೆ ಬಾಟಲಿ ತರಿಸಿಟ್ಟಿದ್ದರು. ಎದೆಹಾಲಿಗೂ ಬರುತ್ತೆ ಕಣಮ್ಮಾ ಅಂತ ಅವರಿಗೂ ತಿಳಿಸಿ ಹೇಳಬೇಕಾಯಿತು.

ಲಕ್ಷ್ಮಿ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು, “ಇಲ್ಲಿ ತಗ್ಗು ಇದೆ ಅಲ್ವಾ ಮೇಡಂ?” ಅಂದಳು. ಇತ್ತು. ಅದೊಂದನ್ನೇ ನೋಡಿ ನಿಶ್ಚಿಂತೆಯಾಗಬೇಡ ಅಂದೆ. ಕತ್ತು ನಿಲ್ಲೋದು, ಕೂರೋದು, ತೊದಲು ಮಾತು ಎಲ್ಲವನ್ನೂ ಗಮನಿಸಬೇಕು. ತಡವಾದರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಿ, ಬಸುರಿಯಲ್ಲಿ ಕುಡಿದಿದ್ದೆ ಅಂತ ಮುಚ್ಚಿಡದೆ ಹೇಳಬೇಕು. ಮುಂದಿನ ಭೇಟಿ ಮಗುವಿಗೆ ಆರು ತಿಂಗಳಾದಾಗ.