ಅಜ್ಜಿ ಅಂಗನವಾಡಿ ಟೀಚರ್ ಆಗಿದ್ದರು, ಪುಸ್ತಕದಲ್ಲಿ ಏನು ಬರೆಯಲಿ?

ಪ್ರಶ್ನೆ: ಅಕ್ಕಾ, ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿ. ನನ್ನ ಅಜ್ಜಿ (ಅಮ್ಮನ ಅಮ್ಮ) 1980ರ ದಶಕದ ಶುರುವಿನಲ್ಲಿ ಅಂಗನವಾಡಿ ಟೀಚರ್ ಆಗಿ ಸೇರಿ ನಿವೃತ್ತಿಯವರೆಗೂ ಅದೇ ಕೆಲಸದಲ್ಲಿದ್ದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ವರ್ಷಾಂತಿಕಕ್ಕೆ ಒಂದು ಚಿಕ್ಕ ನೆನಪಿನ ಪುಸ್ತಕ ಮಾಡುವ ಆಸೆ. ಆದರೆ ಬಂದ ಬರಹಗಳಲ್ಲಿ ‘ಮಮತೆಯ ಮೂರ್ತಿ’, ‘ಎರಡನೇ ತಾಯಿ’ ಬಿಟ್ಟರೆ ಬೇರೇನೂ ಇಲ್ಲ. ಮಾವ ಬೇರೆ, ‘ಮಕ್ಕಳನ್ನು ನೋಡಿಕೊಂಡದ್ದು ತಾನೇ, ಅದರಲ್ಲಿ ಬರೆಯಲಿಕ್ಕೆ ಏನಿದೆ’ ಅನ್ನುತ್ತಾರೆ.

ಉತ್ತರ: ಮಾವನಿಗೆ ಮೊದಲು ಇಷ್ಟು ಹೇಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಕಲಿಕೆಯ ಬುನಾದಿ ಹಂತ ಅಂತ ಕರೆದಿದೆ. ಅದರ ಮೊದಲ ಮೂರು ವರ್ಷ, ಅಂದರೆ ಮಗು ಒಂದನೇ ಕ್ಲಾಸಿಗೆ ಹೋಗುವವರೆಗೆ, ನಿಮ್ಮ ಊರಿನಲ್ಲಿ ಅಜ್ಜಿಯ ಕೈಯಲ್ಲೇ ಇತ್ತು.

ಇನ್ನು ಪುಸ್ತಕ. ಅಜ್ಜಿ ಎಷ್ಟು ಒಳ್ಳೆಯವರು ಅನ್ನುವುದಕ್ಕಿಂತ ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಿದ್ದರು ಅಂತ ಬರೆಯಿರಿ. ಎಷ್ಟು ಗಂಟೆಗೆ ಬೀಗ ತೆಗೆಯುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು, ಮಳೆಗಾಲದಲ್ಲಿ ತೋಡು ದಾಟಿ ಬರುವ ಮಕ್ಕಳನ್ನು ಯಾರು ಕರೆದುಕೊಂಡು ಬರುತ್ತಿದ್ದರು, ಅಳುವ ಮಗುವನ್ನು ಹೇಗೆ ಸುಮ್ಮನಾಗಿಸುತ್ತಿದ್ದರು. ನಿಮ್ಮ ಕಡೆ ಒಂದೇ ಚಾಪೆಯ ಮೇಲೆ ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಕೂರುತ್ತಾರೆ ಅಲ್ವಾ, ಮೊದಲ ದಿನ ಬಂದ ಮೂರು ವರ್ಷದ ಮಗುವಿಗೆ ‘ಬಾ, ಕೂತ್ಕೋ, ಹಸಿವಾ?’ ಅಂತ ಅಜ್ಜಿ ಯಾವ ಮಾತಿನಲ್ಲಿ ಕೇಳುತ್ತಿದ್ದರು, ಆಮೇಲೆ ಅದೇ ಮಗುವನ್ನು ಕನ್ನಡದ ಹಾಡಿಗೆ ಹೇಗೆ ತಂದರು? ಇದಕ್ಕೊಂದು ಪೂರ್ತಿ ಅಧ್ಯಾಯ ಕೊಡಿ. ನನಗಂತೂ ಇಡೀ ಪುಸ್ತಕದಲ್ಲಿ ಅದೇ ಜಾಸ್ತಿ ಬೇಕು.

ಆಟಗಳನ್ನೂ ಬಿಡಬೇಡಿ. ಗೇರುಬೀಜ ಎಣಿಸಿ ಗುಂಪು ಮಾಡುವುದು, ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು, ಹೂ ಪೋಣಿಸುವುದು. ನೋಡುವವರಿಗೆ ಸುಮ್ನೆ ಹೊತ್ತು ಕಳೆದ ಹಾಗೆ ಕಾಣುತ್ತದೆ. ಹೂ ಪೋಣಿಸಿದ ಬೆರಳೇ ಮುಂದೆ ಪೆನ್ಸಿಲ್ ಹಿಡಿಯುವುದು, ಬೀಜ ಬೇರೆ ಮಾಡಿದ ಮಗುವಿಗೇ ಲೆಕ್ಕ ಬೇಗ ಹತ್ತುವುದು. ಗುಜರಾತಿನ ಭಾವನಗರದಲ್ಲಿ ಶಿಕ್ಷಣ ತಜ್ಞ ಗಿಜುಭಾಯಿ ಬಧೇಕಾ 1920ರಲ್ಲಿ ಚಿಕ್ಕ ಮಕ್ಕಳ ಶಾಲೆ ‘ಬಾಲಮಂದಿರ’ ಶುರು ಮಾಡಿದ್ದು ಇದೇ ನಂಬಿಕೆಯ ಮೇಲೆ. 1945ರಲ್ಲಿ ಅವರ ಹಾಗೇ ಚಿಕ್ಕ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳ ಶಿಕ್ಷಣ ಕೇಂದ್ರ ತೆರೆದರು, ಬಡವರ ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲಿ ಅಂತ. ಅಂಗನವಾಡಿಗಳನ್ನು ನಡೆಸುವ ಸರ್ಕಾರದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾಯಿತು. ಇದಕ್ಕೆಲ್ಲ ಪುಸ್ತಕದಲ್ಲಿ ಒಂದು ಪುಟ ಸಾಕು. ಇತಿಹಾಸ ಉದ್ದವಾದರೆ ಅಜ್ಜಿ ಮೂಲೆಗೆ ಹೋಗುತ್ತಾರೆ.

ಪಾಠ ಮಾತ್ರ ಅವರ ಕೆಲಸ ಆಗಿರಲಿಲ್ಲ. ತೂಕ ನೋಡುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಸೇರಿಸುವುದು, ಬಸುರಿ ಬಾಣಂತಿಯರ ಮನೆಗೆ ಹೋಗಿ ಬರುವುದು, ರಾಶಿ ರಿಜಿಸ್ಟರ್ ತುಂಬುವುದು. ಕೇರಳದ ಅಂಗನವಾಡಿಗಳಲ್ಲಿ ಚಿಕ್ಕ ಮಕ್ಕಳಿಗೆ ಕೊಡುವ ‘ಅಮೃತಂ’ ಅನ್ನುವ ಪೌಷ್ಟಿಕ ಆಹಾರದ ಪುಡಿಯನ್ನು ಕುಟುಂಬಶ್ರೀ (ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ) ಗುಂಪುಗಳ ಹೆಂಗಸರು ತಯಾರಿಸುತ್ತಾರೆ, ಅದರ ಪಾಕ ರೂಪಿಸಿದ್ದು ನಿಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರವೇ. ಅಜ್ಜಿ ಅದನ್ನು ಹಂಚಿದ್ದರೆ ಬರೆಯಿರಿ. ತೂಕ ಕಡಿಮೆಯಿದ್ದ ಮಕ್ಕಳ ಹೆಸರು ಮಾತ್ರ ಹಾಕಬೇಡಿ, ಅವರಲ್ಲಿ ಎಷ್ಟೋ ಜನ ಈಗ ಊರಲ್ಲೇ ಮಕ್ಕಳೊಂದಿಗರಾಗಿ ಇರುತ್ತಾರೆ.

ಅಜ್ಜಿಗೆ ಸಿಗುತ್ತಿದ್ದದ್ದು ಸಂಬಳ ಅಲ್ಲ, ಗೌರವಧನ. ಹಳೆಯ ಪಾಸ್‌ಬುಕ್ ಸಿಕ್ಕರೆ ಅದರಲ್ಲಿರುವ ಮೊತ್ತವನ್ನೇ ಅಚ್ಚು ಹಾಕಿ. ‘ಸೇವೆ’ ಅಂತ ಹೊಗಳಿ ದುಡ್ಡಿನ ಮಾತು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಅಂಗನವಾಡಿಯವರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಕಾನೂನು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಅಂದ ಹಾಗೆ, ನೇಮಕಾತಿ ಕಾಗದದಲ್ಲಿ ಕಣ್ಣೂರು ಜಿಲ್ಲೆ ಅಂತ ಇದ್ದರೆ ಗಾಬರಿ ಬೇಡ. ನಿಮ್ಮ ಊರು ಮೊದಲು ಕಣ್ಣೂರಿನಲ್ಲೇ ಇತ್ತು, ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರ ಮೇ 24ಕ್ಕೆ.

ವಿಷಯ ಸಿಗುವುದು ಹೇಗೆ? ಭಾಷಣ ಮಾಡುವ ಗಣ್ಯರ ಹತ್ತಿರ ಹೋಗಬೇಡಿ. ಅಜ್ಜಿಯ ಜೊತೆಗಿದ್ದ ಹೆಲ್ಪರ್ ಇದ್ದರೆ ಈ ವಾರವೇ ಹೋಗಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿಟ್ಟು ಸುಮ್ಮನೆ ಕೇಳಿ. ಹಳೆಯ ಮಕ್ಕಳಿಗೆ ‘ಟೀಚರ್ ಬಗ್ಗೆ ಬರೆದುಕೊಡಿ’ ಅಂದರೆ ಮತ್ತೆ ಮಮತೆಯ ಮೂರ್ತಿಯೇ ಬರುತ್ತದೆ. ‘ಟೀಚರ್ ಕಲಿಸಿದ ಒಂದು ಹಾಡು ಹೇಳಿ, ಅಭಿನಯ ಸಮೇತ’ ಅನ್ನಿ. ಬಾಯಲ್ಲೇ ಉಳಿದ ಹಾಡುಗಳನ್ನು ಯಾರು ಹೇಗೆ ಹೇಳಿದರೋ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ.

ಪ್ರಶ್ನೆ: ಬಿಡುಗಡೆಗೆ ಯಾರನ್ನು ಕರೆಯಲಿ? ಖರ್ಚು ಉಳಿದರೆ ಏನು ಮಾಡಲಿ?

ಉತ್ತರ: ಆ ಹೆಲ್ಪರನ್ನೇ ಕರೆಯಿರಿ. ಭಾನುವಾರ ಇಟ್ಟುಕೊಳ್ಳಿ, ಬೇರೆ ದಿನ ಟೀಚರುಗಳಿಗೆ ಪುರುಸೊತ್ತು ಇರುವುದಿಲ್ಲ. ಫ್ಲೆಕ್ಸ್, ಶಾಲು, ಹಾರ ಬೇಡ. ದುಡ್ಡು ಉಳಿದರೆ ಅಜ್ಜಿ ಇದ್ದ ಅಂಗನವಾಡಿಗೆ ಹೋಗಿ ಈಗಿನ ಟೀಚರಲ್ಲಿ ಏನು ಬೇಕು ಅಂತ ಕೇಳಿ. ನೀವಾಗಿ ಗೋಡೆ ಗಡಿಯಾರ ಕೊಡಬೇಡಿ, ಅದು ಈಗಾಗಲೇ ನಾಲ್ಕೈದು ಇರುತ್ತದೆ.