ಓದುಗರ ಪ್ರಶ್ನೆ, ನಮ್ಮ ಉತ್ತರ: ಘಟ್ಟದ ರಸ್ತೆಯ ಫಲಕಗಳು

ಪ್ರಶ್ನೆ: ಕಲಘಟಗಿ, ಯಲ್ಲಾಪುರ ಮಾರ್ಗವಾಗಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಮನೆಮಂದಿಯೆಲ್ಲ ಹೋಗಿ ಬಂದೆವು. ದಾರಿಯುದ್ದಕ್ಕೂ ಫಲಕಗಳನ್ನೇ ನೋಡುತ್ತ ಕುಳಿತಿದ್ದ ಒಂಬತ್ತನೆಯ ತರಗತಿಯ ಮಗಳು ಎರಡು ಪ್ರಶ್ನೆ ಕೇಳಿದಳು. ಕೆಲವು ಫಲಕಗಳು ತ್ರಿಕೋನವಾಗಿಯೂ ಕೆಲವು ದುಂಡಗೂ ಇರುವುದೇಕೆ? ಇಳಿಯುವಾಗ ಬಲಕ್ಕೆ ಬಾಗಿದ್ದ ಬಾಣ, ಮರಳುವಾಗ ಅದೇ ತಿರುವಿನಲ್ಲಿ ಎಡಕ್ಕೆ ಬಾಗಿರುವುದೇಕೆ? ತಿರುವು ಇದೆ ಎಂದಷ್ಟೇ ತಿಳಿಸಿದರೆ ಸಾಲದೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲನೆಯ ಪ್ರಶ್ನೆಗೆ ಉತ್ತರ ಸರಳವಾಗಿದೆ. ಚಿತ್ರ ಕಣ್ಣಿಗೆ ಸ್ಪಷ್ಟವಾಗುವ ಮೊದಲೇ ಆಕಾರ ಮತ್ತು ಬಣ್ಣ ಕಾಣುತ್ತವೆ. ಆದ್ದರಿಂದ ಫಲಕದ ಜಾತಿಯನ್ನು ಆಕಾರದಿಂದಲೇ ಗುರುತಿಸುವಂತೆ ಏರ್ಪಾಡು ಮಾಡಲಾಗಿದೆ. ಕೆಂಪು ಅಂಚಿನ ತ್ರಿಕೋನವು ಮುಂದೆ ಬರಲಿರುವುದರ ಮುನ್ಸೂಚನೆ. ದುಂಡನೆಯ ಫಲಕವು ಆಜ್ಞೆ: ಕೆಂಪು ಅಂಚಿದ್ದರೆ ಸಾಮಾನ್ಯವಾಗಿ ನಿಷೇಧ ಅಥವಾ ಮಿತಿ, ನೀಲಿ ವೃತ್ತವಾದರೆ ಮಾಡಲೇಬೇಕಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 119ನೆಯ ಕಲಮಿನಂತೆ ಈ ಆಜ್ಞಾ ಫಲಕಗಳನ್ನು ಪಾಲಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಘಟ್ಟದಲ್ಲಿ ಹೆಚ್ಚಿನವರು ತಪ್ಪಾಗಿ ಓದುವುದು ಹಾರ್ನಿನ ಚಿತ್ರವನ್ನು. ಕೆಂಪು ವೃತ್ತದಲ್ಲಿ ಹಾರ್ನಿನ ಮೇಲೆ ಅಡ್ಡಗೆರೆ ಎಳೆದಿದ್ದರೆ ಬಾರಿಸಕೂಡದು. ಅದೇ ಚಿತ್ರ ನೀಲಿ ವೃತ್ತದಲ್ಲಿದ್ದರೆ ಬಾರಿಸಲೇಬೇಕು. ಎದುರಿನ ವಾಹನ ಕಾಣದ ತಿರುವಿನಲ್ಲಿ ಈ ಎರಡನೆಯದನ್ನು ಕಡೆಗಣಿಸುವುದು ಸೌಜನ್ಯವಲ್ಲ, ಅಪಾಯ.

ಮಗಳ ಎರಡನೆಯ ಪ್ರಶ್ನೆ ನಮಗೆ ಹೆಚ್ಚು ಮೆಚ್ಚುಗೆಯಾಯಿತು, ಏಕೆಂದರೆ ಅನೇಕ ವರ್ಷ ವಾಹನ ಓಡಿಸಿದವರೂ ಇದನ್ನು ಯೋಚಿಸಿರುವುದಿಲ್ಲ. ನಾವು ರಸ್ತೆಯ ಎಡಕ್ಕೆ ಚಲಿಸುವವರು. ಹೀಗಾಗಿ ಎಡಕ್ಕೆ ಬಾಗುವ ಹೇರ್‌ಪಿನ್ ತಿರುವಿನಲ್ಲಿ ನಮ್ಮ ಪಾಲಿಗೆ ಬರುವುದು ಒಳಮೈಯ ಕಿರಿದಾದ ಸುತ್ತು, ಬಲಕ್ಕೆ ಬಾಗುವುದರಲ್ಲಿ ಹೊರಮೈಯ ಅಗಲವಾದ ಸುತ್ತು. ಉದ್ದನೆಯ ಲಾರಿಯ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಬರದೆ ಒಳಕ್ಕೆ ಎಳೆದುಕೊಳ್ಳುವುದರಿಂದ, ಎಡಕ್ಕೆ ತಿರುಗಬೇಕಾದ ಲಾರಿಯವನು ಮೊದಲು ಬಲಕ್ಕೆ, ಅಂದರೆ ಎದುರಿನಿಂದ ಬರುವವರ ಪಾಲಿನ ರಸ್ತೆಗೆ, ಹೊರಳಿ ಆಮೇಲೆ ಎಡಕ್ಕೆ ಕಡಿಯುತ್ತಾನೆ. ಅದು ಅವನ ಸೊಕ್ಕಲ್ಲ. ಬೇರೆ ದಾರಿಯೇ ಅವನಿಗಿಲ್ಲ. ಈಗ ನಿಮ್ಮ ಕಾರಿನಲ್ಲಿ ಕುಳಿತು ನೋಡಿರಿ: ಫಲಕದ ಬಾಣ ನಿಮಗೆ ಬಲಕ್ಕೆ ಬಾಗಿದೆ ಎಂದರೆ ಎದುರಿನಿಂದ ಬರುವವನಿಗೆ ಅದೇ ತಿರುವು ಎಡ, ಅಂದರೆ ಅಲ್ಲಿ ಲಾರಿ ಬಂದರೆ ಅದರ ಮೂತಿ ನಿಮ್ಮ ಪಾಲಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಬಾಣ ಎಡಕ್ಕಿದ್ದರೆ ಆ ಭಯ ಕಡಿಮೆ, ಆದರೆ ತಿರುವು ಬಿಗಿಯಾಗಿರುವುದರಿಂದ ವೇಗವನ್ನು ಇನ್ನಷ್ಟು ಇಳಿಸಬೇಕು. ತಿರುವು ಎಂದಷ್ಟೇ ಬರೆದ ಫಲಕದಿಂದ ಈ ವ್ಯತ್ಯಾಸ ತಿಳಿಯಲಾರದು.

ಇದೇ ರೀತಿ ಇಳಿಜಾರಿನ ತ್ರಿಕೋನವೂ ಇಳಿಯುವವರಿಗೆ ಒಂದು, ಏರುವವರಿಗೆ ಇನ್ನೊಂದು. ಕಡಿದಾದ ಇಳಿಜಾರಿನ ಫಲಕ ಕಂಡ ಜಾಗದಲ್ಲಿಯೇ ಗೇರ್ ಇಳಿಸಬೇಕು. ವಾಹನ ಓಟ ಹಿಡಿದ ಮೇಲೆ ಇಳಿಸಲು ಹೋದರೆ ಕೈಮೀರುತ್ತದೆ. ಯಾವ ಗೇರಿನಲ್ಲಿ ಏರಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯುವುದು ಚಾಲಕರ ಹಳೆಯ ರೂಢಿ, ಒಳ್ಳೆಯ ರೂಢಿ. ಬ್ರೇಕನ್ನೇ ನಂಬಿ ಇಳಿದರೆ ಉಜ್ಜಾಟದಿಂದ ಹುಟ್ಟಿದ ಶಾಖ ಬ್ರೇಕಿನ ದ್ರವದವರೆಗೆ ಮುಟ್ಟಿ, ದ್ರವದಲ್ಲಿ ಆವಿಯ ಗುಳ್ಳೆಗಳೆದ್ದು, ಪೆಡಲ್ ಒತ್ತಿದರೂ ಹಿಡಿತ ಸಿಗದ ಸ್ಥಿತಿ ಬರಬಹುದು. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ಎಂಜಿನ್ನಿನ ತಡೆಯೂ ಇರುವುದಿಲ್ಲ.

ತಿರುವಿನ ಹೊರ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿರುವ, ಹಳದಿ ನೆಲದ ಮೇಲೆ ಕಪ್ಪು ಬಾಣದ ಮೊನೆಗಳಿರುವ ಹಲಗೆಗಳನ್ನೂ ಮಗಳು ನೋಡಿರಬೇಕು. ಮಳೆಗಾಲದಲ್ಲಿ ಯಲ್ಲಾಪುರ ದಾಟಿದ ಮೇಲೆ ಮಂಜು ಕವಿದಾಗ ರಸ್ತೆ ಎತ್ತ ಹೊರಳುತ್ತದೆ ಎಂಬುದನ್ನು ತೋರಿಸುವುದು ಅವೇ. ತಿರುವು ಬಿಗಿಯಾದಷ್ಟೂ ಅವು ಒತ್ತೊತ್ತಾಗಿರುತ್ತವೆ. ಅವುಗಳ ಮೇಲಿನ ಹಾಳೆ, ದೀಪದ ಬೆಳಕು ಬಂದ ದಿಕ್ಕಿಗೇ ಅದನ್ನು ಹಿಂದಿರುಗಿಸುವುದರಿಂದ ರಾತ್ರಿ ಚಾಲಕನ ಕಣ್ಣಿಗೆ ಹೊಳೆಯುತ್ತವೆ. ಆದರೆ ಹಾವಸೆ, ಬಳ್ಳಿ, ಕೆಸರು ಹತ್ತಿದ ಹಾಳೆ ಹೊಳೆಯುವುದಿಲ್ಲ. ಹುಟ್ಟುಹಬ್ಬದ ಬ್ಯಾನರನ್ನು ಫಲಕದ ಕಂಬಕ್ಕೇ ಕಟ್ಟುವವರ ವಿಷಯ ಬೇರೆ. ಅವರಿಗೆ ಇಡೀ ರಸ್ತೆಯಲ್ಲಿ ಇನ್ನೊಂದು ಕಂಬ ಸಿಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಕಲ್ಲು ಉರುಳುವ ಚಿತ್ರದ ತ್ರಿಕೋನವಿದ್ದಲ್ಲಿ ಫೋಟೊ ತೆಗೆಯಲು, ಬುತ್ತಿ ಬಿಚ್ಚಲು ಗಾಡಿ ನಿಲ್ಲಿಸಬಾರದು. ಅಂಕೋಲಾದ ಬಳಿಯ ಶಿರೂರಿನಲ್ಲಿ 2024ರ ಜುಲೈನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾದದ್ದನ್ನು ಆ ದಾರಿಯಲ್ಲಿ ಹೋಗುವ ಯಾರೂ ಮರೆತಿರಲಾರರು.

ಪ್ರಶ್ನೆ: ಗದಗಿನಿಂದ ಹುಬ್ಬಳ್ಳಿಗೆ, ಅಲ್ಲಿಂದ ಅಂಕೋಲಾಕ್ಕೆ ಹೋಗುವ ರಸ್ತೆಯನ್ನು ನಾವು ಮೊದಲಿನಿಂದಲೂ 63 ಎಂದೇ ಕರೆಯುತ್ತಿದ್ದೆವು. ಈಗ ಫಲಕಗಳಲ್ಲಿ ಒಂದು ಭಾಗಕ್ಕೆ 67, ಇನ್ನೊಂದು ಭಾಗಕ್ಕೆ 52 ಎಂದಿದೆ. ಯಾವುದು ಸರಿ?
– ಓದುಗರೊಬ್ಬರು, ಗದಗ

ಉತ್ತರ: ಫಲಕವೇ ಸರಿ. 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ ಹಳೆಯ 63 ಹುಬ್ಬಳ್ಳಿಯಲ್ಲಿ ಎರಡಾಯಿತು. ಗದಗ, ಕೊಪ್ಪಳ, ಹೊಸಪೇಟೆಯ ಕಡೆಗಿನದು 67 ಆಯಿತು. ಅಂಕೋಲಾದ ಕಡೆಗಿನದು, ಪಂಜಾಬಿನ ಸಂಗ್ರೂರಿನಿಂದ ವಿಜಯಪುರ, ಹುಬ್ಬಳ್ಳಿಯ ಮೂಲಕ ಬರುವ 52ರಲ್ಲಿ ಸೇರಿತು. ಧಾರವಾಡ, ಹಾವೇರಿಯ ಮೂಲಕ ಹೋಗುವ ಹಳೆಯ 4 ಈಗ 48, ಕರಾವಳಿಯ 17 ಈಗ 66. ಹೊಸ ಕ್ರಮದಲ್ಲಿ ಸಮಸಂಖ್ಯೆಯವು ಉತ್ತರ–ದಕ್ಷಿಣವಾಗಿಯೂ ಬೆಸಸಂಖ್ಯೆಯವು ಪೂರ್ವ–ಪಶ್ಚಿಮವಾಗಿಯೂ ಸಾಗುತ್ತವೆ. ಮೂರಂಕಿಯ ಸಂಖ್ಯೆ ಬಂದರೆ ಅದು ಕವಲು: ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ 748, ಕೊನೆಯ ಎರಡು ಅಂಕಿಗಳು ಸೂಚಿಸುವಂತೆ, 48ರ ಕವಲು.

ಪ್ರಶ್ನೆ: ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಎಂದಷ್ಟೇ ಬರೆದ ಗಿಡ್ಡ ಕಲ್ಲುಗಳಿವೆ. ಏನದು?
– ಓದುಗರೊಬ್ಬರು, ಧಾರವಾಡ

ಉತ್ತರ: ಅವು ಒಂದು ಕಿಲೋಮೀಟರನ್ನು 200 ಮೀಟರಿನ ಐದು ತುಂಡುಗಳಾಗಿ ತೋರಿಸುವ ಕಲ್ಲುಗಳು. 6 ಎಂದರೆ ಹಿಂದಿನ ಕಿಲೋಮೀಟರ್ ಕಲ್ಲಿನಿಂದ 600 ಮೀಟರ್. ಊರು, ಅಂಗಡಿ, ಗುಡಿ ಯಾವುದೂ ಇಲ್ಲದ ಕಾಡಿನ ನಡುವೆ ಗಾಡಿ ಕೆಟ್ಟರೆ ಇವು ಬಹಳ ಉಪಯೋಗಕ್ಕೆ ಬರುತ್ತವೆ: ಹೆದ್ದಾರಿ ಸಹಾಯವಾಣಿ 1033ಕ್ಕಾಗಲಿ ತುರ್ತು ಸಂಖ್ಯೆ 112ಕ್ಕಾಗಲಿ ಕರೆ ಮಾಡಿ, ಹಳದಿ ತಲೆಯ ಕಲ್ಲಿನ ಮೇಲಿರುವ ಹೆದ್ದಾರಿಯ ಸಂಖ್ಯೆ, ಊರಿನ ದೂರ, ಜೊತೆಗೆ ಈ ಗಿಡ್ಡ ಕಲ್ಲಿನ ಅಂಕಿ ಹೇಳಿದರೆ ನೀವಿರುವ ಜಾಗ ಅವರಿಗೆ ಸಿಗುತ್ತದೆ. ತಲೆ ಹಸಿರಾಗಿದ್ದರೆ ಅದು ರಾಜ್ಯ ಹೆದ್ದಾರಿ.

ಪ್ರಶ್ನೆ: ಘಟ್ಟದ ಇಕ್ಕಟ್ಟಿನಲ್ಲಿ ಎರಡು ವಾಹನಗಳು ಎದುರುಬದುರಾದರೆ ಯಾರು ನಿಲ್ಲಬೇಕು?
– ಓದುಗರೊಬ್ಬರು, ಹಾವೇರಿ

ಉತ್ತರ: ಇಳಿಯುವವರು. ಎರಡು ವಾಹನಗಳು ಸಲೀಸಾಗಿ ದಾಟಲು ಅಗಲವಿಲ್ಲದ ಕಡೆ ಏರುವವರಿಗೆ ಮೊದಲ ದಾರಿ ಎಂಬುದು ರಸ್ತೆಯ ನಿಯಮ. ಭಾರ ಹೊತ್ತು ಏರುತ್ತಿರುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ, ಹಿಂದಕ್ಕೆ ಜಾರುವ ಸಂಭವವೂ ಉಂಟು.